ನೆರೆ ಬಯಲಿನ ಅಂಚಿನಲ್ಲಿ ಕಾಂಕ್ರೀಟು ಮತ್ತು ಇಂಟರ್‌ಲಾಕ್: ಗ್ರಾಮ ಪಂಚಾಯತಿಯ ಅಧಿಕಾರ, ಅದರ ಮಿತಿ ಮತ್ತು ಹೊಣೆ

2019ರ ಮೇ ತಿಂಗಳಲ್ಲಿ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ಇಳಿದು, ಮಂಗಳೂರು ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅದೇ ನದಿ ಬಂಟ್ವಾಳದಲ್ಲಿ 8.5 ಮೀಟರಿನ ಅಪಾಯದ ಮಟ್ಟವನ್ನು ಮೀರಿ ಹರಿದು ಪೇಟೆಯ ತಗ್ಗು ಭಾಗಗಳನ್ನು ಮುಳುಗಿಸಿತು. ಇವೆರಡರ ನಡುವಿನ ಅಂತರ ಮೂರು ತಿಂಗಳು. ಮಳೆ ಎಷ್ಟು ಬರಬೇಕೆಂಬುದು ಯಾವ ಪಂಚಾಯತಿಯ ಕೈಯಲ್ಲಿಯೂ ಇಲ್ಲ. ಬಿದ್ದ ಮಳೆ ನೆಲದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಬೇಗ ತೋಡಿಗೆ ಇಳಿಯುತ್ತದೆ ಎಂಬುದರಲ್ಲಿ ಮಾತ್ರ ಪಂಚಾಯತಿಯ ಪಾಲು ಸಣ್ಣದಲ್ಲ. ಈ ಪಾಲನ್ನು ಪಂಚಾಯತಿಯು ಹೆಚ್ಚಾಗಿ ಅರಿವಿಲ್ಲದೆಯೇ ಚಲಾಯಿಸುತ್ತಿದೆ. ಪ್ರತಿಯೊಂದು ಕಟ್ಟಡ ಪರವಾನಿಗೆಯಲ್ಲಿಯೂ, ಕ್ರಿಯಾ ಯೋಜನೆಗೆ ಸೇರಿಸಿದ ಪ್ರತಿಯೊಂದು ಕಾಂಕ್ರೀಟು ರಸ್ತೆಯಲ್ಲಿಯೂ ನೀರಿನ ಬಗ್ಗೆ ಒಂದು ತೀರ್ಮಾನ ಅಡಗಿರುತ್ತದೆ.

ಎರಡು ಬಗೆಯ ನೆರೆ

ವಿಷಯವನ್ನು ಸರಿಯಾಗಿ ಗ್ರಹಿಸಲು ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ನದಿಯ ಮಹಾಪೂರಕ್ಕೆ ಅಂಗಳಗಳ ಇಂಟರ್‌ಲಾಕ್ ಕಾರಣವಲ್ಲ. ಹಿರಿಯರು ‘ಮಾರಿಬೊಳ್ಳ’ ಎಂದು ಕರೆದ 1923ರ ನೆರೆ ಬಂದಾಗ ನದೀತೀರದ ಗ್ರಾಮಗಳಲ್ಲಿ ಕಾಂಕ್ರೀಟಿನ ಅಂಗಳವೇ ಇರಲಿಲ್ಲ. 1974ರ ನೆರೆಯ ಹೊತ್ತಿಗೂ ಅಂಗಳಗಳು ಬಹುತೇಕ ಸೆಗಣಿ ಸಾರಿಸಿದ ಮಣ್ಣಿನವೇ ಆಗಿದ್ದವು. ಘಟ್ಟದಲ್ಲಿ ಎಡೆಬಿಡದೆ ಮಳೆ ಸುರಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯೂ ನೇತ್ರಾವತಿಯೂ ಒಟ್ಟಿಗೆ ತುಂಬಿ ಬಂದರೆ ಕೆಳಗಿನ ಊರುಗಳ ಅಂಗಳ ಮಣ್ಣಿನದೋ ಸಿಮೆಂಟಿನದೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಗ್ರಾಮ ಸಭೆಯಲ್ಲಿ ಯಾರಾದರೂ ಸದಸ್ಯರು ‘ಇಂಟರ್‌ಲಾಕ್‌ನಿಂದಲೇ ನೆರೆ ಬಂತು’ ಎಂದರೆ 1974ನ್ನು ಕಂಡ ಹಿರಿಯರೊಬ್ಬರು ಆ ಮಾತನ್ನು ಅಲ್ಲಿಯೇ ತಳ್ಳಿಹಾಕಬಹುದು. ಅದು ಸರಿಯೂ ಹೌದು.

ಆದರೆ ಎರಡನೆಯ ಬಗೆಯ ನೆರೆಯೊಂದಿದೆ. ಅದಕ್ಕೆ ಹೆಸರಿಲ್ಲ, ಅದು ಪತ್ರಿಕೆಗಳಲ್ಲಿಯೂ ಅಷ್ಟಾಗಿ ಬರುವುದಿಲ್ಲ. ನದಿ ಎತ್ತರದಲ್ಲಿ ಹರಿಯುವಾಗ ಅದಕ್ಕೆ ಸೇರುವ ತೋಡಿನ ಬಾಯಿ ಮುಚ್ಚಿದಂತಾಗುತ್ತದೆ. ಕೆಳಭಾಗದ ಗ್ರಾಮಗಳಲ್ಲಿ ಸಮುದ್ರದ ಉಬ್ಬರವೂ ಅದಕ್ಕೆ ಕೂಡಿಕೊಳ್ಳುತ್ತದೆ. ತೋಡಿನ ನೀರು ನದಿಗೆ ಇಳಿಯಲಾರದೆ ಹಿಂದಕ್ಕೆ ಸರಿಯುತ್ತದೆ. ಆ ಕೆಲವು ಗಂಟೆಗಳಲ್ಲಿ ಸುತ್ತಲಿನ ಪದವು, ಗುಡ್ಡ, ಅಂಗಳ, ರಸ್ತೆಗಳಿಂದ ಬಂದ ನೀರೆಲ್ಲ ಬೈಲಿನಲ್ಲಿಯೇ ನಿಲ್ಲಬೇಕು. ಬೈಲಿನಲ್ಲಿ ಎಷ್ಟು ಜಾಗ ಉಳಿದಿದೆ, ಮೇಲಿನಿಂದ ಎಷ್ಟು ನೀರು ಎಷ್ಟು ವೇಗವಾಗಿ ಬಂತು ಎಂಬ ಎರಡೇ ಸಂಗತಿಗಳು ತಗ್ಗಿನ ಮನೆಗಳ ಹೊಸ್ತಿಲಿಗೆ ನೀರು ಏರುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತವೆ. ಮೊದಲನೆಯದು ಮಣ್ಣು ತುಂಬಿಸುವುದಕ್ಕೆ ಸಂಬಂಧಿಸಿದ್ದು, ಎರಡನೆಯದು ಗಟ್ಟಿ ನೆಲಹಾಸಿಗೆ ಸಂಬಂಧಿಸಿದ್ದು. ಪಂಚಾಯತಿಯ ನಿಯಂತ್ರಣಕ್ಕೆ ಅರ್ಥ ಬರುವುದು ಈ ಎರಡನೆಯ ಬಗೆಯ ನೆರೆಯಲ್ಲಿ.

ಬೈಲು, ಮಜಲು, ಬೆಟ್ಟು

ಕೇಂದ್ರ ಸರ್ಕಾರವು 1975ರಲ್ಲಿ ನೆರೆ ಬಯಲಿನ ವಲಯೀಕರಣದ ಮಾದರಿ ಮಸೂದೆಯೊಂದನ್ನು ಎಲ್ಲ ರಾಜ್ಯಗಳಿಗೂ ಕಳುಹಿಸಿತು. ಮಣಿಪುರ, ರಾಜಸ್ಥಾನ, ಉತ್ತರಾಖಂಡ ಮೊದಲಾದ ಕೆಲವೇ ರಾಜ್ಯಗಳು ಅದನ್ನನುಸರಿಸಿ ಕಾಯಿದೆ ಮಾಡಿವೆ. ಕರ್ನಾಟಕ ಆ ಸಾಲಿನಲ್ಲಿಲ್ಲ. ಆದುದರಿಂದ ‘ಇದು ನೆರೆ ಬಯಲು, ಇಲ್ಲಿ ಇಂತಿಷ್ಟೇ ಕಟ್ಟಬಹುದು’ ಎಂದು ಗೆರೆ ಎಳೆದ ಸರ್ಕಾರಿ ನಕ್ಷೆಯನ್ನು ಕಾಯುತ್ತ ಕುಳಿತರೆ ಕೆಲಸ ಆರಂಭವಾಗುವುದಿಲ್ಲ.

ಕರಾವಳಿಯ ಗ್ರಾಮಗಳಿಗೆ ಮಾತ್ರ ಇಂತಹ ನಕ್ಷೆ ಹೊಸದೇನಲ್ಲ. ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ ರೈತರು ನೀರಿನ ಮಟ್ಟವನ್ನೇ ಅಳೆದಿದ್ದರು. ಬೈಲು ಅತ್ಯಂತ ತಗ್ಗಿನದು. ಮಳೆಗಾಲದಲ್ಲಿ ನೀರು ನಿಂತೇ ನಿಲ್ಲುವುದು, ಮಳೆ ಹೋದ ಮೇಲೂ ತೇವ ಉಳಿಯುವುದು. ಮಜಲು ನಡುಮಟ್ಟದ್ದು. ಬೆಟ್ಟು ಮಳೆಯನ್ನೇ ನಂಬಿದ ಎತ್ತರದ ಗದ್ದೆ. ಮನೆ ಕಟ್ಟುತ್ತಿದ್ದುದು ಬೆಟ್ಟಿನ ಅಂಚಿನಲ್ಲಿ ಅಥವಾ ಅದಕ್ಕೂ ಮೇಲೆ; ಬೈಲಿನಲ್ಲಿ ಯಾರೂ ಕಟ್ಟುತ್ತಿರಲಿಲ್ಲ. ಇಂದು ಬೈಲಿನಲ್ಲಿ ಮನೆ, ಸಭಾಭವನ, ವಾಹನ ನಿಲುಗಡೆಯ ಜಾಗಗಳು ಏಳುತ್ತಿರುವುದಕ್ಕೆ ಭೂಮಿಯ ಅಭಾವವೂ ಕಾರಣ, ರಸ್ತೆಯು ಬೈಲಿನ ಬದಿಯಲ್ಲಿಯೇ ಸಾಗುವುದೂ ಕಾರಣ. ಯಾವುದೇ ಅರ್ಜಿ ಬಂದಾಗ ಆ ಜಾಗ ಈ ಮೂರರಲ್ಲಿ ಯಾವುದು ಎಂದು ವಾರ್ಡಿನ ಇಬ್ಬರು ಹಿರಿಯರನ್ನು ಕೇಳಿ ಕಡತದಲ್ಲಿ ಬರೆದಿಟ್ಟರೆ, ಯಾವ ಖರ್ಚೂ ಇಲ್ಲದೆ ಮೊದಲ ಹಂತದ ವಲಯೀಕರಣ ಆದಂತೆಯೇ. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನೂ ಗೋಡೆಯ ಕಲೆ, ಮರದ ಗುರುತು, ನೆರೆಹೊರೆಯವರ ನೆನಪುಗಳ ಮೂಲಕ ಸೇರಿಸಿಕೊಳ್ಳಬಹುದು. ಈ ನೆನಪು ಇನ್ನೂ ಹಸಿಯಾಗಿರುವಾಗಲೇ ದಾಖಲಾಗಬೇಕು.

ಲೆಕ್ಕ ಏನು ಹೇಳುತ್ತದೆ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಸದಸ್ಯರು ಈ ಒಂದು ಸೂತ್ರವನ್ನು ನೆನಪಿಟ್ಟರೆ ಉಳಿದ ಲೆಕ್ಕವನ್ನು ಸಭೆಯಲ್ಲಿ ಕುಳಿತೇ ಮಾಡಬಹುದು. ಐದು ಸೆಂಟ್ಸ್ ನಿವೇಶನ ಎಂದರೆ ಸುಮಾರು 200 ಚದರ ಮೀಟರ್. ಮಾಡು ಮತ್ತು ಅಂಗಳ ಎರಡೂ ನೀರಿಳಿಯದಂತಿದ್ದರೆ 100 ಮಿಲಿಮೀಟರ್ ಮಳೆಯ ಒಂದು ದಿನದಲ್ಲಿ ಅಲ್ಲಿಂದ ಹೆಚ್ಚುಕಡಿಮೆ 20,000 ಲೀಟರ್ ನೀರು ಹೊರಬೀಳುತ್ತದೆ. ಕರಾವಳಿಯ ಜೂನ್, ಜುಲೈ ತಿಂಗಳುಗಳಲ್ಲಿ ಅಂತಹ ದಿನ ಅಪರೂಪವೇನಲ್ಲ. ಹತ್ತು ಮನೆಗಳ ಒಂದು ಸಾಲಿನಿಂದ ಎರಡು ಲಕ್ಷ ಲೀಟರ್.

ಒಂದು ಎಕರೆ ಗದ್ದೆಯ ಲೆಕ್ಕ ಇನ್ನೂ ಗಮನಾರ್ಹವಾದುದು. ಸುತ್ತ ಅರ್ಧ ಅಡಿ ಎತ್ತರದ ಹುಣಿ ಇರುವ ಒಂದು ಎಕರೆ ಗದ್ದೆ ಸುಮಾರು 6 ಲಕ್ಷ ಲೀಟರ್ ನೀರನ್ನು ಹಿಡಿದಿಡಬಲ್ಲದು. ಅದೇ ಎಕರೆಗೆ ಕೆಂಪು ಮಣ್ಣು ತುಂಬಿಸಿ ಕಾಂಕ್ರೀಟು ಹಾಕಿದರೆ, ಗಂಟೆಗೆ 60 ಮಿಲಿಮೀಟರ್ ಸುರಿಯುವ ಜಡಿಮಳೆಯಲ್ಲಿ ಅಲ್ಲಿಂದ ಸೆಕೆಂಡಿಗೆ 60 ಲೀಟರಿನಷ್ಟು ನೀರು ಹೊರಗೆ ಹರಿಯುತ್ತದೆ. ಒಂದು ಅಡಿ ವ್ಯಾಸದ ಹ್ಯೂಮ್ ಪೈಪು, 200 ಅಡಿಗೆ ಒಂದು ಅಡಿಯ ಇಳಿಜಾರಿನಲ್ಲಿ, ತುಂಬಿ ಹರಿದರೂ ಸಾಗಿಸಬಲ್ಲುದು ಸೆಕೆಂಡಿಗೆ ಸುಮಾರು 70 ಲೀಟರ್. ಅಂದರೆ ಆ ಒಂದು ಎಕರೆಯೇ ರಸ್ತೆಯಡಿಯ ಮೋರಿಯನ್ನು ಪೂರ್ತಿಯಾಗಿ ಬಳಸಿಕೊಂಡಿತು. ಅದೇ ಮೋರಿಯನ್ನು ನಂಬಿದ ಹಿಂದಿನ ಇಪ್ಪತ್ತು ಮನೆಗಳ ನೀರಿಗೆ ದಾರಿ ಉಳಿಯಲಿಲ್ಲ. ಇನ್ನು ನೆರೆಯ ನೀರು ಒಂದು ಮೀಟರ್ ಎತ್ತರಕ್ಕೆ ನಿಲ್ಲುವ ಜಾಗದಲ್ಲಿ ಅಷ್ಟೇ ಎತ್ತರ ಮಣ್ಣು ತುಂಬಿಸಿದರೆ, ಅಲ್ಲಿ ನಿಲ್ಲಬೇಕಾಗಿದ್ದ 40 ಲಕ್ಷ ಲೀಟರ್ ಪಕ್ಕದ ಜಮೀನಿಗೆ ಸರಿಯುತ್ತದೆ. ಪಕ್ಕದ ಜಮೀನಿನಲ್ಲಿರುವುದು ಹೆಚ್ಚಾಗಿ ಮಣ್ಣು ತುಂಬಿಸಲು ಹಣವಿಲ್ಲದವರ ಮನೆ ಎಂಬುದನ್ನು ಲೆಕ್ಕ ಹೇಳುವುದಿಲ್ಲ. ಸ್ಥಳಕ್ಕೆ ಹೋದ ಸದಸ್ಯರಿಗೆ ಅದು ಕಾಣುತ್ತದೆ.

ಮಳೆಗಾಲದ ನಡುವೆ ಮಣ್ಣು ಮೊದಲೇ ನೆನೆದಿರುವುದರಿಂದ ಮಣ್ಣಿನ ಅಂಗಳವೂ ಎಲ್ಲ ನೀರನ್ನು ಕುಡಿಯುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. ಅದು ನಿಜ. ಆದರೂ ಹುಲ್ಲು, ತರಗೆಲೆ, ಏರುತಗ್ಗುಗಳಿರುವ ನೆಲ ನೀರನ್ನು ತಡೆತಡೆದು ಬಿಡುತ್ತದೆ. ತೋಡಿನ ಬಾಯಿ ಮುಚ್ಚಿರುವ ಹೊತ್ತಿನಲ್ಲಿ ಆ ತಡವೇ ತಗ್ಗಿನ ಮನೆಗಳಿಗೆ ದೊರೆಯುವ ರಕ್ಷಣೆ.

ಪಂಚಾಯತಿಯದೇ ಕಾಂಕ್ರೀಟು

ಖಾಸಗಿ ಅಂಗಳದ ಮಾತಿಗೆ ಮೊದಲು ಪಂಚಾಯತಿಯು ತಾನೇ ಹಾಕಿದ ಹಾಸನ್ನು ನೋಡಿಕೊಳ್ಳುವುದು ನ್ಯಾಯ. ಕಾಂಕ್ರೀಟು ರಸ್ತೆ ಎಲ್ಲರೂ ಕೇಳುವ ಕಾಮಗಾರಿ. ಕೆಸರಿನಲ್ಲಿ ಶಾಲೆಗೆ ಹೋಗುವ ಮಗುವಿಗೂ, ರೋಗಿಯನ್ನು ಹೊತ್ತು ತರಬೇಕಾದ ಮನೆಯವರಿಗೂ ಅದು ಬೇಕು. ತೊಂದರೆ ಬರುವುದು ರಸ್ತೆ ಹಾಕುವ ವಿಧಾನದಲ್ಲಿ. ಹಳೆಯ ಕಾಂಕ್ರೀಟನ್ನು ಒಡೆಯದೆ ಅದರ ಮೇಲೆಯೇ ಹೊಸದನ್ನು ಹಾಕುವುದು ರೂಢಿ. ಪ್ರತಿ ಸಲವೂ ರಸ್ತೆ ನಾಲ್ಕಾರು ಇಂಚು ಏರುತ್ತದೆ. ಎರಡು ಸಲ ಆಗುವಷ್ಟರಲ್ಲಿ ಬದಿಯ ಮನೆಗಳ ಅಂಗಳ ರಸ್ತೆಗಿಂತ ತಗ್ಗಾಗಿ, ಹಿಂದೆ ರಸ್ತೆಗೆ ಹೋಗುತ್ತಿದ್ದ ನೀರು ಮನೆಯೊಳಗೆ ಬರತೊಡಗುತ್ತದೆ. ಆ ಮನೆಯವರು ಅಂಗಳವನ್ನು ಎತ್ತರಿಸಿ ಇಂಟರ್‌ಲಾಕ್ ಹಾಕುತ್ತಾರೆ. ನೀರು ಅದರಾಚೆಯ ಮನೆಗೆ ಹೋಗುತ್ತದೆ. ಇಂತಹ ಜಗಳಗಳು ಪಂಚಾಯತಿಯ ಮುಂದೆ ಬಂದಾಗ ಮೊದಲ ಕಾರಣ ಪಂಚಾಯತಿಯ ಅಂದಾಜು ಪಟ್ಟಿಯಲ್ಲಿಯೇ ಇರುತ್ತದೆ.

ಆದುದರಿಂದ ನದೀತೀರದ ಮತ್ತು ತೋಡಿನ ಬದಿಯ ರಸ್ತೆಗಳ ಅಂದಾಜು ಪಟ್ಟಿಯಲ್ಲಿ ಹಳೆಯ ಪದರವನ್ನು ತೆಗೆಯುವ ಖರ್ಚು, ರಸ್ತೆಯ ಮುಗಿದ ಮಟ್ಟ, ಬದಿಯ ಮನೆಗಳ ಹೊಸ್ತಿಲಿನ ಮಟ್ಟ ಮತ್ತು ಚರಂಡಿ ಕೊನೆಗೊಳ್ಳುವ ಜಾಗ ಇವಿಷ್ಟನ್ನು ಕಾಣಿಸುವಂತೆ ಕಿರಿಯ ಎಂಜಿನಿಯರರನ್ನು ಕೇಳುವ ಹಕ್ಕು ಸದಸ್ಯರಿಗಿದೆ. ಚರಂಡಿ ‘ಮುಂದಿನ ರಸ್ತೆಯವರೆಗೆ’ ಎಂದಷ್ಟೇ ಬರೆದಿದ್ದರೆ ಅದು ಚರಂಡಿಯಲ್ಲ, ನೀರನ್ನು ಇನ್ನೊಂದು ವಾರ್ಡಿಗೆ ದಾಟಿಸುವ ಉಪಾಯ. ಶಾಲೆ, ಅಂಗನವಾಡಿ, ಪಂಚಾಯತಿ ಕಚೇರಿಗಳ ಎದುರಿನ ಜಾಗವನ್ನು ಪೂರ್ತಿಯಾಗಿ ಮುಚ್ಚುವ ಪ್ರಸ್ತಾವಗಳೂ ಹೀಗೆಯೇ ಪರಿಶೀಲನೆಗೆ ಒಳಗಾಗಬೇಕು. ನಡೆಯುವ ದಾರಿಯಷ್ಟನ್ನು ಗಟ್ಟಿ ಮಾಡಿ ಉಳಿದುದನ್ನು ಮಣ್ಣಾಗಿ ಬಿಟ್ಟರೆ ಮಕ್ಕಳ ಆಟಕ್ಕೂ ಅನುಕೂಲ, ಖರ್ಚೂ ಕಡಿಮೆ.

ಕಾನೂನು ಕೊಡುವುದೆಷ್ಟು

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದಂತೆ ಗ್ರಾಮ ಪಂಚಾಯತಿಯ ಲಿಖಿತ ಅನುಮತಿಯಿಲ್ಲದೆ ಯಾವುದೇ ಕಟ್ಟಡವನ್ನು ಕಟ್ಟುವಂತಿಲ್ಲ, ಇರುವ ಕಟ್ಟಡವನ್ನು ಬದಲಿಸುವಂತಿಲ್ಲ, ಅದಕ್ಕೆ ಸೇರಿಸುವಂತಿಲ್ಲ. ಪ್ರಕರಣವು ಮಾತನಾಡುವುದು ಕಟ್ಟಡದ ಬಗ್ಗೆ. ಇರುವ ಮನೆಯ ಅಂಗಳಕ್ಕೆ ಬ್ಲಾಕು ಹಾಸುವುದನ್ನು ಅದು ನೇರವಾಗಿ ಹೆಸರಿಸುವುದಿಲ್ಲ. ಆದುದರಿಂದ ಈಗಾಗಲೇ ಹಾಸಿದ ಅಂಗಳವನ್ನು ಕಿತ್ತುಹಾಕಿಸುವ ನೋಟೀಸು ನೀಡಲು ಹೊರಟರೆ ಅದು ಮೇಲ್ಮನವಿಯಲ್ಲಿ ನಿಲ್ಲುವುದು ಕಷ್ಟ. ಪಂಚಾಯತಿಗೆ ಬಲವಿರುವುದು ಹೊಸ ಪರವಾನಿಗೆಯ ಹಂತದಲ್ಲಿ. ಅರ್ಜಿಯೊಂದಿಗೆ ಕೊಡುವ ನಿವೇಶನದ ನಕ್ಷೆಯಲ್ಲಿ ಕಟ್ಟಡದಷ್ಟೇ ಅಲ್ಲದೆ ಅಂಗಳದ ಹಾಸು, ಇಳಿಜಾರು, ಮಳೆನೀರಿನ ದಾರಿಗಳನ್ನೂ ತೋರಿಸುವಂತೆ ಕೇಳಿ, ಅದರಂತೆ ಷರತ್ತು ಹಾಕಿದರೆ ಮುಂದೆ ಪ್ರಶ್ನಿಸಲು ಆಧಾರ ಸಿಗುತ್ತದೆ. ಹಳೆಯ ಅಂಗಳಗಳಿಗೂ ಅನ್ವಯಿಸುವ ನಿಯಮ ಬೇಕೆಂದು ಪಂಚಾಯತಿ ಬಯಸಿದರೆ, ಅಧಿನಿಯಮದಡಿ ಉಪವಿಧಿ ರಚಿಸಿ ನಿಗದಿತ ಮಂಜೂರಾತಿ ಪಡೆಯುವುದೇ ಸರಿಯಾದ ದಾರಿ.

ಕೃಷಿ ಭೂಮಿಯ ಪರಿವರ್ತನೆ ಪಂಚಾಯತಿಯ ಅಧಿಕಾರದ ಹೊರಗಿನದು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದಡಿ ಅದು ಜಿಲ್ಲಾಧಿಕಾರಿಗಳಿಗೆ ಸೇರಿದ್ದು. ಆದರೆ ಬೈಲಿನಲ್ಲಿ ಪರಿವರ್ತನೆಯ ಆದೇಶಕ್ಕೂ ಮೊದಲೇ ಟಿಪ್ಪರುಗಳಲ್ಲಿ ಮಣ್ಣು ಬಂದು ಬೀಳುವುದನ್ನು ಮೊದಲು ಕಾಣುವವರು ವಾರ್ಡಿನ ಸದಸ್ಯರು. ಆ ದಿನವೇ ಅಭಿವೃದ್ಧಿ ಅಧಿಕಾರಿಯ ಮೂಲಕ ತಹಶೀಲ್ದಾರರಿಗೆ ಲಿಖಿತ ವರದಿ ಹೋದರೆ ಅದಕ್ಕೆ ಬೆಲೆಯಿದೆ. ಗೋಡೆ ಎದ್ದ ಮೇಲೆ ಬರೆದ ಪತ್ರಕ್ಕೆ ಅಷ್ಟು ಬೆಲೆಯಿಲ್ಲ. ಉಬ್ಬರವಿಳಿತದ ಪ್ರಭಾವವಿರುವ ನದಿ, ಹಿನ್ನೀರಿನ ದಡದಲ್ಲಿ ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯಂತೆ 50 ಮೀಟರ್ ಅಥವಾ ಆ ಹರಿವಿನ ಅಗಲ, ಇವೆರಡರಲ್ಲಿ ಕಡಿಮೆಯಾದಷ್ಟು ದೂರ ನಿಯಂತ್ರಣಕ್ಕೆ ಒಳಪಟ್ಟಿದೆ. ಅಲ್ಲಿ ಪಂಚಾಯತಿಯ ಪರವಾನಿಗೆಯೊಂದೇ ಸಾಲದು ಎಂಬುದನ್ನು ಅರ್ಜಿದಾರರಿಗೆ ಮೊದಲೇ ತಿಳಿಸಿದರೆ ಅವರ ಹಣವೂ ಉಳಿಯುತ್ತದೆ.

ಯಾವುದನ್ನು ಎಲ್ಲಿ ಇಡಬಹುದು ಎಂಬ ಪ್ರಶ್ನೆಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2008ರ ಮಾರ್ಗಸೂಚಿಯ ಕ್ರಮ ಉಪಯುಕ್ತ. ಆಸ್ಪತ್ರೆ, ವಿದ್ಯುತ್ ಸ್ಥಾವರಗಳು ನೂರು ವರ್ಷಕ್ಕೊಮ್ಮೆ ಬರುವ ನೆರೆಯ ಮಟ್ಟಕ್ಕಿಂತ ಮೇಲಿರಬೇಕು. ವಾಸದ ಮನೆ, ಸರ್ಕಾರಿ ಕಚೇರಿಗಳು ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ಮಟ್ಟಕ್ಕಿಂತ ಮೇಲೆ. ಆಟದ ಬಯಲು, ಉದ್ಯಾನಗಳು ಪದೇ ಪದೇ ಮುಳುಗುವ ಜಾಗದಲ್ಲಿಯೂ ಇರಬಹುದು. ಪಂಚಾಯತಿಯ ಆಟದ ಮೈದಾನಕ್ಕೆ ಬೈಲು ಹೊಂದುತ್ತದೆ, ಹೊಸ ಅಂಗನವಾಡಿಗೆ ಹೊಂದುವುದಿಲ್ಲ.

ನಿಷೇಧವಲ್ಲ, ಪ್ರಶ್ನೆ

ಅಂಗಳದಂತಹ ಸಣ್ಣ ಜಾಗವನ್ನು ನಿಯಂತ್ರಿಸುವುದು ಸಾಧ್ಯವೇ ಎಂಬ ಸಂದೇಹಕ್ಕೆ ಹೊರದೇಶದ ಒಂದು ನಿಯಮ ಉತ್ತರ ಕೊಡುತ್ತದೆ. 2007ರ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿ ದೊಡ್ಡ ನೆರೆ ಬಂತು. ಮರುವರ್ಷದ ಅಕ್ಟೋಬರಿನಿಂದ ಅಲ್ಲಿ ಮನೆಯ ಮುಂದಿನ ಅಂಗಳದಲ್ಲಿ 5 ಚದರ ಮೀಟರಿಗಿಂತ ಹೆಚ್ಚು ಜಾಗಕ್ಕೆ ನೀರಿಳಿಯದ ಹಾಸು ಹಾಕಬೇಕಾದರೆ ಸ್ಥಳೀಯ ಆಡಳಿತದ ಅನುಮತಿ ಬೇಕು. ಹಾಸು ನೀರನ್ನು ಒಳಗೆ ಬಿಡುವಂತಿದ್ದರೆ, ಇಲ್ಲವೇ ಅದರ ಮೇಲಿನ ನೀರು ತನ್ನದೇ ನಿವೇಶನದ ಮಣ್ಣಿನ ಭಾಗಕ್ಕೆ ಹರಿಯುವಂತಿದ್ದರೆ ಅನುಮತಿಯೇ ಬೇಡ. ಈ ನಿಯಮ ಯಾರ ಅಂಗಳವನ್ನೂ ನಿಷೇಧಿಸುವುದಿಲ್ಲ. ನೀರು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಕೇಳುತ್ತದೆ. ಅಲ್ಲಿಯ ಮಳೆ ನಮ್ಮ ಮಳೆಯ ಮುಂದೆ ತುಂತುರು. 5 ಚದರ ಮೀಟರಿನ ಅಳತೆಯನ್ನು ಇಲ್ಲಿಗೆ ತರಬೇಕಾಗಿಲ್ಲ, ಪ್ರಶ್ನೆಯನ್ನು ತರಬಹುದು.

ಈ ಪ್ರಶ್ನೆಯಿಂದ ಆರಂಭಿಸಿದರೆ ಅಡಿಕೆ ಬೆಳೆಗಾರರ ಆತಂಕವೂ ಶಮನವಾಗುತ್ತದೆ. ಅಡಿಕೆ ಒಣಗಿಸಲು ಕಾಂಕ್ರೀಟು ಅಂಗಳ ಬೇಕೇ ಬೇಕು. ಆ ಅಂಗಳದ ಇಳಿಜಾರು ರಸ್ತೆಯ ಕಡೆಗಿರದೆ ತೋಟದ ಕಡೆಗಿದ್ದರೆ ಸಾಕು. ತೋಟದ ಉಜಿರುಕಣಿ, ತೆಂಗಿನ ಬುಡದ ಪಾತಿಗಳು ಬಹುಪಾಲು ನೀರನ್ನು ತಡೆದು ನಿಧಾನವಾಗಿ ಬಿಡುತ್ತವೆ. ಇಂಟರ್‌ಲಾಕ್ ಬ್ಲಾಕುಗಳನ್ನು ಜಲ್ಲಿ ಮತ್ತು ದಪ್ಪ ಮರಳಿನ ಹಾಸಿಗೆಯ ಮೇಲೆ ಕೂರಿಸಿ, ಸಂದುಗಳಿಗೆ ಸಿಮೆಂಟು ತುಂಬದಿದ್ದರೆ ಸ್ವಲ್ಪ ನೀರು ಕೆಳಗಿಳಿಯುತ್ತದೆ. ಕಾಂಕ್ರೀಟಿನ ಮೇಲೆ ಬ್ಲಾಕು ಕೂರಿಸಿದರೆ ಅದು ಬಣ್ಣದ ಕಾಂಕ್ರೀಟಷ್ಟೆ. ನೆರೆ ಬಂದು ಹೋದ ಮೇಲೆ ಸಂದುಗಳಲ್ಲಿ ಮೆಕ್ಕಲು ತುಂಬಿ ಈ ಗುಣವೂ ಕುಗ್ಗುವುದರಿಂದ ಪ್ರತಿ ವರ್ಷ ಸ್ವಚ್ಛ ಮಾಡಬೇಕು.

ಇಂಗುಗುಂಡಿಯನ್ನು ಷರತ್ತಾಗಿ ಹಾಕುವಾಗ ಎರಡು ಎಚ್ಚರಿಕೆಗಳು ಅಗತ್ಯ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಗುಂಡಿ ಹಿಡಿಯುವುದು 1,500 ಲೀಟರ್; ಜಲ್ಲಿ ತುಂಬಿದರೆ ಅದರ ಅರ್ಧಕ್ಕೂ ಕಡಿಮೆ. ನೂರು ಚದರ ಮೀಟರ್ ಅಂಗಳದಿಂದ ಜಡಿಮಳೆಯ ಒಂದೇ ಗಂಟೆಯಲ್ಲಿ 5,000 ಲೀಟರಿಗೂ ಹೆಚ್ಚು ಬರುತ್ತದೆ. ಬಿಲ್ಲಿಗಾಗಿ ತೆಗೆದ ಒಂದು ಗುಂಡಿ ಛಾಯಾಚಿತ್ರಕ್ಕೆ ಸಾಕಾಗಬಹುದು, ಮಳೆಗೆ ಸಾಲದು. ಎರಡನೆಯದು ಜೀವಕ್ಕೆ ಸಂಬಂಧಿಸಿದ್ದು. ಮುರಕಲ್ಲಿನ ಪದರದ ಕೆಳಗೆ ಶೇಡಿಮಣ್ಣು ಇರುವ ಕಡೆ, ಗುಡ್ಡ ಕಡಿದು ಮನೆ ಕಟ್ಟಿದ್ದರೆ, ಕಡಿದ ಗೋಡೆಯ ಮೇಲ್ಭಾಗದಲ್ಲಿ ನೀರು ಇಂಗಿಸಬಾರದು. ಶೇಡಿಮಣ್ಣು ನೀರು ಕುಡಿದರೆ ಜಾರುತ್ತದೆ. ಅಂತಹ ಜಾಗದಲ್ಲಿ ನೀರನ್ನು ಕಟ್ಟಿದ ಚರಂಡಿಯಲ್ಲಿ ಕೆಳಗಿಳಿಸಿ ಸಮತಟ್ಟಿನಲ್ಲಿ ಇಂಗಿಸುವುದು ಕ್ಷೇಮ.

ಪರವಾನಿಗೆಯಲ್ಲಿ ಸೇರಿಸಲು ಈ ಕೆಳಗಿನ ಷರತ್ತಿನ ಮಾದರಿಯನ್ನು ಪಂಚಾಯತಿಗಳು ತಮ್ಮ ಸ್ಥಳಕ್ಕೆ ತಕ್ಕಂತೆ ತಿದ್ದಿ ಬಳಸಬಹುದು:

“ನಿವೇಶನದ ಮಾಡು ಮತ್ತು ನೆಲಹಾಸಿನ ಮೇಲೆ ಬಿದ್ದ ಮಳೆನೀರನ್ನು ಸಾಧ್ಯವಿರುವಷ್ಟೂ ನಿವೇಶನದೊಳಗಿನ ಮಣ್ಣಿನ ಭಾಗಕ್ಕೆ ಹರಿಸತಕ್ಕದ್ದು. ಉಳಿದ ನೀರನ್ನು ಅನುಮೋದಿತ ನಕ್ಷೆಯಲ್ಲಿ ತೋರಿಸಿದ ದಾರಿಯಲ್ಲಿ ಮಾತ್ರ ಹೊರಬಿಡತಕ್ಕದ್ದು. ಪಕ್ಕದ ನಿವೇಶನಕ್ಕಾಗಲಿ ಸಾರ್ವಜನಿಕ ರಸ್ತೆಯ ಮೇಲಾಗಲಿ ಬಿಡಕೂಡದು. ತೋಡಿನ ಬದಿಯಲ್ಲಿ ನಕ್ಷೆಯಲ್ಲಿ ಗುರುತಿಸಿದ ಪಟ್ಟಿಯನ್ನು ಮಣ್ಣಾಗಿಯೇ ಉಳಿಸತಕ್ಕದ್ದು. ಪಂಚಾಯತಿಯ ಲಿಖಿತ ಒಪ್ಪಿಗೆಯಿಲ್ಲದೆ ನಿವೇಶನದ ಮಟ್ಟವನ್ನು ಏರಿಸಕೂಡದು.”

ಷರತ್ತು ಪಾಲನೆಯಾಗಿದೆಯೇ ಎಂದು ನೋಡಲು ಬೇಸಿಗೆಯ ಸ್ಥಳ ಪರಿಶೀಲನೆ ಸಾಲದು. ಒಣಗಿದ ಅಂಗಳ ಯಾವ ಕಡೆಗೆ ವಾಲಿದೆ ಎಂದು ಕಣ್ಣಳತೆಯಲ್ಲಿ ಹೇಳುವುದು ಎಂಜಿನಿಯರರಿಗೂ ಕಷ್ಟ. ಜೂನ್ ತಿಂಗಳ ಮೊದಲ ಜೋರು ಮಳೆಯ ದಿನ ಸದಸ್ಯರು, ಅಭಿವೃದ್ಧಿ ಅಧಿಕಾರಿ ಮತ್ತು ವಾರ್ಡಿನ ಇಬ್ಬರು ನಿವಾಸಿಗಳು ಕೊಡೆ ಹಿಡಿದು ಮೇಲಿನ ಮನೆಯಿಂದ ತೋಡಿನವರೆಗೆ ಒಮ್ಮೆ ನಡೆದರೆ ನೀರು ತಾನಾಗಿಯೇ ತನ್ನ ದಾರಿಯನ್ನು ತೋರಿಸುತ್ತದೆ. ಕಂಡುದನ್ನು ಅದೇ ದಿನ ವಾರ್ಡಿನ ನಕ್ಷೆಯ ಮೇಲೆ ಗುರುತಿಸಿ, ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸತಕ್ಕದ್ದು.